ನಿದ್ದೆ ಮಾತ್ರೆ: ವಯಸ್ಸಾದವರಿಗೂ ಬಿಡಿಸಬೇಕಾ?

ಪರ: ತಡವಾದರೂ ಬಿಡಿಸಿ, ಚೂರು ಚೂರಾಗಿ

ನಮ್ಮಮ್ಮ 14 ವರ್ಷ ಆಲ್ಪ್ರಾಜೊಲಾಮ್ ಅನ್ನುವ ನಿದ್ದೆ ಮಾತ್ರೆ ನುಂಗಿದರು. ಅಪ್ಪ ತೀರಿಕೊಂಡಾಗ ಡಾಕ್ಟರು ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದು. ಆ ಹದಿನೈದು ದಿನ ಮುಗಿಯಲೇ ಇಲ್ಲ. ಚೀಟಿ ಹಳದಿಯಾಗಿ, ಮಡಿಕೆಯಲ್ಲಿ ಹರಿದು, ಟೇಪು ಅಂಟಿಸಿಕೊಂಡು ಓಡುತ್ತಲೇ ಇತ್ತು.

74ನೇ ವಯಸ್ಸಿನಲ್ಲಿ ಒಂದು ನಸುಕಿಗೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ವಯಸ್ಸಾದ ಮೈಗೆ ಈ ಮಾತ್ರೆಯ ಮಂಪರು ಬೇಗ ಇಳಿಯುವುದಿಲ್ಲ. ತೂಕಡಿಕೆ, ಮರೆವು, ಎದ್ದರೆ ತೂರಾಟ. ಆಸ್ಪತ್ರೆಯಲ್ಲಿ ಇನ್ನೊಂದು ಎಡವಟ್ಟಾಯಿತು. ಯಾರೋ ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಿಬಿಟ್ಟರು. ಮೂರನೇ ರಾತ್ರಿ ಬೆವರು, ಕೈ ನಡುಕ. ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತಾರೆ! ನಾವು ಅರಳುಮರಳು ಅಂದುಕೊಂಡೆವು. ಹಾಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದಂತೆ.

ಬಿಡಿಸಿ ಅಂದರೆ ಕಸಿದುಕೊಳ್ಳಿ ಅಂತಲ್ಲ, ಅಲ್ವಾ? ಅಮೆರಿಕದ ವೈದ್ಯರ 2025ರ ಮಾರ್ಗಸೂಚಿ, 2ರಿಂದ 4 ವಾರಕ್ಕೊಮ್ಮೆ 5ರಿಂದ 10 ಪರ್ಸೆಂಟ್ ಇಳಿಸಿ ಅನ್ನುತ್ತದೆ. ಹುರುಳಿಕಾಳಿನಷ್ಟು ಮಾತ್ರೆಯಲ್ಲಿ 10 ಪರ್ಸೆಂಟ್ ಕತ್ತರಿಸಿ ನೋಡಿ! ನಮ್ಮ ಡಾಕ್ಟರು 0.5 ಎಂಜಿ ಮಾತ್ರೆ ಒಂದರ ಬದಲು 0.25ರ ಎರಡು ಬರೆದರು. ಬ್ಲೇಡಿನಲ್ಲಿ ಒಂದೊಂದನ್ನೂ ನಾಲ್ಕು ಮಾಡಿದರೆ ಒಟ್ಟು ಎಂಟು ಚೂರು. ತಿಂಗಳಿಗೆ ಒಂದು ಚೂರು ಕಡಿಮೆ.

ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಅಮ್ಮ ಇದನ್ನೂ ಬರೆಯುತ್ತಿದ್ದರು. ‘ಅರ್ಧ ಲೀಟರ್’ ಪಕ್ಕದಲ್ಲಿ ‘6’. ಒಂದು ತಿಂಗಳು ಹಾಲಿನವನು ಆ ಆರನ್ನೂ ಸೇರಿಸಿ ದುಡ್ಡು ಕೇಳಿದ. ಚೂರು ಕಡಿಮೆಯಾದ ಮೊದಲ ನಾಲ್ಕೈದು ರಾತ್ರಿ ನಿದ್ದೆ ಕೆಡುತ್ತಿತ್ತು. ಎಷ್ಟೋ ಜನ ಇಲ್ಲೇ ಸೋಲುತ್ತಾರೆ. ಮಾತ್ರೆ ಇಲ್ಲದೆ ಆಗಲ್ಲ ಅಂತ ವಾಪಸ್ ಹೋಗುತ್ತಾರೆ. ನಾವು ಇದ್ದಲ್ಲೇ ನಿಂತು ಕಾಯುತ್ತಿದ್ದೆವು. ಕೊನೆಯ ಚೂರೊಂದೇ ನಾಲ್ಕು ತಿಂಗಳು ಹಿಡಿಯಿತು. ಒಟ್ಟು ಹತ್ತು ತಿಂಗಳು.

ಕೆನಡಾದಲ್ಲಿ ಹಿರಿಯರಿಗೆ ಮಾತ್ರೆಯ ಅಪಾಯ, ಇಳಿಸುವ ವಿಧಾನ ವಿವರಿಸುವ ಕಿರುಪುಸ್ತಕ ಕೊಟ್ಟು ನೋಡಿದರು. ಆರು ತಿಂಗಳಲ್ಲಿ ನೂರಕ್ಕೆ 27 ಜನ ಪೂರ್ತಿ ಬಿಟ್ಟಿದ್ದರು. ಪುಸ್ತಕ ಸಿಗದವರಲ್ಲಿ ಬಿಟ್ಟಿದ್ದು ನೂರಕ್ಕೆ ಐದೇ ಜನ. 2014ರಲ್ಲಿ ಬಂದ ಲೆಕ್ಕ ಇದು.

‘ಪಾಪ, ವಯಸ್ಸಾಯ್ತು, ನುಂಗಿಕೊಳ್ಳಲಿ ಬಿಡಿ’ ಅನ್ನುವವರಿಗೆ ರಾತ್ರಿ ಎದ್ದು ಕೂರುವ ಮನಸ್ಸಿಲ್ಲ, ಅಷ್ಟೇ. ಅಮ್ಮ ಈಗ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತಾರೆ. ಮೊನ್ನೆ ಹಾಲಿನವನು ತಿಂಗಳಲ್ಲಿ ಎರಡು ಪ್ಯಾಕೆಟ್ ತಪ್ಪಿಸಿದ್ದನ್ನು, ಯಾವ ಯಾವ ದಿನ ಅಂತ ಹೇಳಿ, ದುಡ್ಡು ಮುರಿದುಕೊಂಡರು.

ವಿರೋಧ: ಎಂಬತ್ತಾದವರನ್ನು ಅವರ ಪಾಡಿಗೆ ಬಿಡಿ

ವಿರೋಧಕ್ಕೆ ಯಾರೂ ಸಿಗಲಿಲ್ಲವಂತೆ. ಮೆಡಿಕಲ್ ಸ್ಟೋರ್ ಇಟ್ಟವನು ಅಂತ ನನ್ನ ತಲೆಗೆ ಕಟ್ಟಿದರು. ಮೊದಲೇ ಹೇಳಿಬಿಡುತ್ತೇನೆ, ನಲವತ್ತರವರಿಗೆ ಬಿಡಿಸುವುದಕ್ಕೆ ನನ್ನ ತಕರಾರಿಲ್ಲ.

ಬಿದ್ದಿದ್ದಕ್ಕೆ ಮಾತ್ರೆಯೇ ಕಾರಣ ಅಂತ ಹೇಗೆ ಹೇಳೋದು? ಬಚ್ಚಲು ಒದ್ದೆ ಇರಲಿಲ್ವಾ? ಹೋಗಲಿ. ನೂರರಲ್ಲಿ 27 ಜನ ಬಿಟ್ಟರು, ಸರಿ. ಉಳಿದ 73 ಜನ ಏನಾದರು?

2014ರಿಂದ ಆಲ್ಪ್ರಾಜೊಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲ ಸರ್ಕಾರದ ಎಚ್1 ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಡಾಕ್ಟರ ಹೆಸರು, ಪೇಷೆಂಟ್ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಹಾಗಾಗಿ ನನಗೆ ಹೆಸರು ಬಾಯಿಪಾಠ. ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಹಳ್ಳಿಯಿಂದ ಬಸ್ಸಿಗೆ ಬರುತ್ತಾರೆ. ಮಗ ಬೆಂಗಳೂರಿನಲ್ಲಿ, ಮನೆಯಲ್ಲಿ ಒಬ್ಬರೇ. ಡಾಕ್ಟರನ್ನು ಕೇಳಿ ಇಳಿಸಿಕೊಳ್ಳಿ ಅಜ್ಜಿ ಅಂತ ನಾನೇ ಕಳಿಸಿದೆ. ಅರ್ಧ ಮಾಡಿ ತಗೊಳ್ಳಿ ಅಂದರಂತೆ ಅವರು. ಅರ್ಧ ಮಾಡೋದು ಯಾರು? ಅಜ್ಜಿಗೆ ಕೈ ನಡುಕ, ಕಣ್ಣಲ್ಲಿ ಪೊರೆ. ಕತ್ತರಿಸಿದರೆ ಒಂದು ತುಂಡು ಹಾರಿ ಮಂಚದ ಕೆಳಗೆ. ನಿದ್ದೆಗೆ ಮಾತ್ರೆಗಿಂತ ಕೌನ್ಸೆಲಿಂಗ್ ಒಳ್ಳೆಯದು ಅಂತಾರೆ, ಒಪ್ಪಿದೆ. ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ತೋರಿಸಿ.

ಹತ್ತು ದಿನಕ್ಕೆ ಅಜ್ಜಿ ವಾಪಸ್ ಬಂದರು. ‘ರಾತ್ರಿ ಎಲ್ಲಾ ಬಾಗ್ಲು ನೋಡ್ಕೊಂಡು ಕೂತಿದ್ದೆ ಕಣಪ್ಪ’ ಅಂದರು. ಡಾಕ್ಟರು ಹಳೇ ಡೋಸೇ ಬರೆದರು, ನಾನು ರಿಜಿಸ್ಟರಿನಲ್ಲಿ ಹೆಸರು ಬರೆದೆ. ಬೈಯುವವರು ಬೈಯಲಿ.

ನಮ್ಮ ಮನೆಯಲ್ಲಿ ಅತ್ತೆಗೆ ಈಗ ಇಳಿಸುತ್ತಿದ್ದೇವೆ, ಅದು ನಿಜ. ಅಲ್ಲಿ ದಿನಾ ರಾತ್ರಿ ಮಾತ್ರೆ ಕತ್ತರಿಸಿಕೊಡಲು ನಾನಿದ್ದೇನೆ.