ಸ್ಪಷ್ಟನೆ: ‘ಕರ್ನಲ್-ಪವರ್ 41’ ಕಂಡರೆ ಪವರ್ ಸಪ್ಲೈ ಕೆಟ್ಟಿದೆ ಎಂದರ್ಥವಲ್ಲ

ಸ್ಲೀಪ್‌ನಿಂದ ಎಚ್ಚರವಾಗುವಾಗ ಕಂಪ್ಯೂಟರ್ ಕ್ರ್ಯಾಶ್ ಆದರೆ, ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಹುಡುಕಿ, ಅದಿದ್ದರೆ ಪವರ್ ಸಪ್ಲೈ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಭಾಗ) ಹೋಗಿದೆ, ಹೊಸದು ಹಾಕಿಸಿ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು.

ಹೆಸರಲ್ಲಿ ‘ಪವರ್’ ಇರುವುದೇ ಈ ಎಡವಟ್ಟಿಗೆಲ್ಲ ಮೂಲ. 41 ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಏಕೆ ಎಂಬುದನ್ನಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಇದೇ ದಾಖಲೆ ಬೀಳುತ್ತದೆ.

ನೋಡಬೇಕಾದ್ದು ಅದರ ‘ಡೀಟೇಲ್ಸ್’ ಟ್ಯಾಬ್‌ನಲ್ಲಿರುವ ಬಗ್‌ಚೆಕ್‌ಕೋಡ್, ಅಂದರೆ ಕ್ರ್ಯಾಶ್‌ನ ಬಗೆ ಹೇಳುವ ಸಂಖ್ಯೆ. ಅಲ್ಲಿ 159 ಎಂದಿದ್ದರೆ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) ಅದು 9ಎಫ್. ಅಂದರೆ ಯಾವುದೋ ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಸ್ಲೀಪ್‌ಗೆ ಹೋಗುವಾಗಲೋ ಏಳುವಾಗಲೋ ಎಡವಿದೆ. ಸಾಮಾನ್ಯ ಸ್ಲೀಪ್‌ನಲ್ಲಿ ರ‍್ಯಾಮ್‌ಗೆ ಮಾತ್ರ ವಿದ್ಯುತ್ ಉಳಿದು, ಬಹುತೇಕ ಉಳಿದ ಭಾಗಗಳು ಮಲಗುತ್ತವೆ. ಏಳುವಾಗ ಗ್ರಾಫಿಕ್ಸ್, ವೈಫೈ, ಯುಎಸ್‌ಬಿ ಎಲ್ಲವನ್ನೂ ಆಯಾ ಡ್ರೈವರ್ ಮತ್ತೆ ಎಬ್ಬಿಸಬೇಕು. ಒಂದು ಮೊಂಡು ಹಿಡಿದರೂ ಕಪ್ಪು ಪರದೆ. ಹಾಗಾಗಿ ಮೊದಲು ಗ್ರಾಫಿಕ್ಸ್ ಮತ್ತು ನೆಟ್‌ವರ್ಕ್ ಡ್ರೈವರ್, ಆಮೇಲೆ ಬಯೋಸ್ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ನೋಡಿ. ಹೆಚ್ಚುವರಿ ಯುಎಸ್‌ಬಿ ಸಾಧನಗಳನ್ನು ಕಿತ್ತು ಒಮ್ಮೆ ಮಲಗಿಸಿ ಎಬ್ಬಿಸಿ. ಇದಕ್ಕೆ ಖರ್ಚಿಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಕೋಡ್ 0 ಇದ್ದರೆ? ಕ್ರ್ಯಾಶ್‌ನ ವಿವರ ದಾಖಲಾಗಿಲ್ಲ ಎಂದಷ್ಟೇ ಅರ್ಥ. ಆಗ ಪವರ್ ಸಪ್ಲೈ ಮೇಲೂ ಅನುಮಾನ ಪಡಬಹುದು, ಆದರೆ ಪೂರ್ತಿ ಹ್ಯಾಂಗ್ ಆದಾಗಲೂ 0 ಬರುತ್ತದೆ. ಗೇಮ್ ಆಡುವಾಗ, ಅಂದರೆ ಹೊರೆ ಹೆಚ್ಚಿದ್ದಾಗಲೂ ತಾನಾಗಿ ಆಫ್ ಆಗುತ್ತಿದ್ದರೆ ಆ ಅನುಮಾನ ಗಟ್ಟಿ.