ಸಂಕಮ್ಮನ ಸಾಲು ಎಷ್ಟು ಗಂಟೆಗೆ?

ಕಳೆದ ಸಲ ಕ್ರಿಸ್ಮಸ್ ರಜೆಗೆ ಊರಿಗೆ ಹೊರಡುವ ಮುಂಚೆ ಗೆಳೆಯನಿಗೆ ಮೆಸೇಜ್ ಹಾಕಿದ್ದೆ. ನಾನು ಊರಲ್ಲಿರುವ ಮೂರು ವಾರದಲ್ಲಿ ಜಾನಪದದ ಒಳ್ಳೇ ಕಾರ್ಯಕ್ರಮ ಇದ್ದರೆ ಹೇಳು, ಅದಕ್ಕೆ ತಕ್ಕಂತೆ ಓಡಾಟ ಇಟ್ಟುಕೊಳ್ಳುತ್ತೇನೆ ಅಂತ. ಅವನು ಜಿಲ್ಲಾ ಕೇಂದ್ರವೊಂದರ ಜಾನಪದ ಉತ್ಸವದ ಇನ್ವಿಟೇಷನ್ ಕಳಿಸಿದ. ಮೂರು ಪುಟ. ಉದ್ಘಾಟನೆ, ಘನ ಉಪಸ್ಥಿತಿ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ಮುಖ್ಯ ಅತಿಥಿಗಳು. ಕೂತು ಎಣಿಸಿದೆ, 43 ಹೆಸರು. ಒಬ್ಬೊಬ್ಬರ ಕೆಳಗೂ ಅವರ ಹುದ್ದೆ, ಅವರ ಊರು. ಕೊನೇ ಪುಟದ ತಳದಲ್ಲಿ ಒಂದೇ ಒಂದು ಸಾಲು: ‘ನಂತರ ವಿವಿಧ ಜಾನಪದ ಕಲಾ ತಂಡಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ.’

ಯಾರು ಹಾಡುತ್ತಾರೆ? ಯಾವ ಊರಿನವರು? ಕಂಸಾಳೆಯೋ, ತಂಬೂರಿ ಪದವೋ, ಚೌಡ್ಕಿಯೋ, ಗೀಗಿಯೋ? ಗೆಳೆಯನನ್ನು ಕೇಳಿದೆ. “ಬಂದ್ರೆ ಗೊತ್ತಾಗುತ್ತೆ ಬಾರೋ” ಅಂದ.

ಅವನು ಸಹಜವಾಗಿಯೇ ಹೇಳಿದ್ದು. ಆದರೂ ನನಗೆ ಚುಚ್ಚಿತು. ಯಾಕೆಂದರೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ನನ್ನ ಮನೆಯ ಮೇಜಿನ ಮೇಲೆ ಆಗ ಇನ್ನೊಂದು ಕಾರ್ಯಕ್ರಮ ಪುಸ್ತಕ ಬಿದ್ದಿತ್ತು. ಅದು ಆ ವರ್ಷ ಆಗಸ್ಟಿನ ಸಿಡ್ಮತ್ ಜಾನಪದ ಉತ್ಸವದ್ದು.

ಸಿಡ್ಮತ್ ಅಂದರೆ ಡೆವನ್ ಜಿಲ್ಲೆಯ ತೆಂಕಣ ಕಡಲ ದಡದಲ್ಲಿರುವ ಸಣ್ಣ ಊರು. ಕೆಂಪು ಮಣ್ಣಿನ ಎತ್ತರದ ದಿಬ್ಬಗಳು, ಕಲ್ಲಿನ ದಂಡೆ. ರೈಲು ಕೂಡ ಹೋಗುವುದಿಲ್ಲ. ಎಕ್ಸೆಟರ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅಲ್ಲಿ 1955ರಿಂದ ಜಾನಪದ ಉತ್ಸವ ನಡೆಯುತ್ತಿದೆ. ಒಂದು ವಾರ ಇಡೀ ಊರೇ ಉತ್ಸವ. ದೊಡ್ಡ ಡೇರೆಯಲ್ಲೂ ಹಾಡು, ಚರ್ಚಿನ ಹಾಲಿನಲ್ಲೂ ಹಾಡು, ಪಬ್ಬಿನ ಮೂಲೆಯಲ್ಲೂ ಹಾಡು.

ಆ ಪುಸ್ತಕ ನೋಡಬೇಕು ನೀವು. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಯಾರು. ಬರೀ ಕೇಳುವ ಕಛೇರಿಯೋ ನೀವೂ ದನಿ ಸೇರಿಸಬಹುದಾದದ್ದೋ. ಪಿಟೀಲು ಹೊಸದಾಗಿ ಕಲಿಯುತ್ತಿರುವವರು ಎಲ್ಲಿ ಕೂರಬೇಕು, ಕೈ ಪಳಗಿದವರು ಎಲ್ಲಿ. ಹತ್ತು ಜನ ಕೂರುವ ಕೋಣೆಯಲ್ಲಿ ಹಾಡು ನಡೆಸಿಕೊಡುವ ಅಜ್ಜನ ಹೆಸರೂ ಅದರಲ್ಲಿ ಇರುತ್ತದೆ. ಉದ್ಘಾಟಕರ ಹೆಸರು ಹುಡುಕಿದೆ, ಸಿಗಲಿಲ್ಲ.

ಮೊದಲ ವರ್ಷ ಹೋದಾಗ ನನಗೆ ಯಾವುದು ಆರಿಸಿಕೊಳ್ಳಬೇಕು ಅಂತಲೇ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಪುಸ್ತಕ ಇಸಿದುಕೊಂಡು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟರು. “ದೊಡ್ಡ ಹೆಸರು ನೋಡಬೇಡ. ನಿನಗೆ ಕೇಳೋದು ಇಷ್ಟವೋ ಜೊತೆಗೆ ಹಾಡೋದು ಇಷ್ಟವೋ, ಅದನ್ನ ಮೊದಲು ತೀರ್ಮಾನ ಮಾಡು” ಅಂದರು. ಅವರ ಲೆಕ್ಕ ಹೀಗಿತ್ತು: ಹೆಸರುವಾಸಿಗಳನ್ನು ದೊಡ್ಡ ಸ್ಟೇಜಿನ ಮೇಲೆ ನೋಡಬೇಕಿದ್ದರೆ 1965ರಲ್ಲಿ ಶುರುವಾದ ಕೇಂಬ್ರಿಡ್ಜ್ ಉತ್ಸವ. ಚಳಿಗಾಲದಲ್ಲಿ ಬೆಚ್ಚಗೆ ಒಳಗೆ ಕೂತು ಕೇಳಬೇಕಿದ್ದರೆ ಜನವರಿಯಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕನೆಕ್ಷನ್ಸ್. ಹಾಡುವವರ ಮೊಣಕೈ ತಾಗುವಷ್ಟು ಹತ್ತಿರ ಕೂರಬೇಕಿದ್ದರೆ ಸಿಡ್ಮತ್.

ಆಮೇಲೆ ಅವರೇ ಆ್ಯಂಕರ್ ಅನ್ನುವ ಪಬ್ಬಿನ ನಡುಕೋಣೆಗೆ ಕರೆದುಕೊಂಡು ಹೋದರು. ಮೈಕಿಲ್ಲ, ವಾದ್ಯವಿಲ್ಲ. ಒಬ್ಬರು ಕಣ್ಣು ಮುಚ್ಚಿ ಶುರು ಮಾಡುತ್ತಾರೆ. ಎರಡನೇ ನುಡಿ ಹೊತ್ತಿಗೆ ಕೋಣೆಗೆ ಕೋಣೆಯೇ ಸೊಲ್ಲು ಹಿಡಿಯುತ್ತದೆ. ಮೂರು ಬೇರೆ ಬೇರೆ ಶ್ರುತಿ, ಒಂದರ ಮೇಲೊಂದು. ನನ್ನ ಎದೆ ಝಲ್ ಅಂತು. ನಮ್ಮ ಸೋಬಾನೆ ಅಜ್ಜಿಯರು ನೆನಪಾದರು.

ಸರಿ, ಊರಿನ ಆ ಉತ್ಸವಕ್ಕೂ ಹೋದೆ. ಆರು ಗಂಟೆ ಅಂತ ಇದ್ದದ್ದು ಎಂಟಕ್ಕೆ ಶುರುವಾಯಿತು. ಭಾಷಣ ಮುಗಿದಾಗ ಹತ್ತಾಗುತ್ತಿತ್ತು, ಕುರ್ಚಿಗಳು ಅರ್ಧ ಖಾಲಿ. ನಾನು ಬೇಸರವಾಗಿ ಸ್ಟೇಜಿನ ಹಿಂದಕ್ಕೆ ಹೋದೆ. ಅಲ್ಲಿ ಕಂಸಾಳೆ ತಂಡದವರು ನಿಂತುಕೊಂಡೇ ಪೇಪರ್ ತಟ್ಟೆಯಲ್ಲಿ ಪುಳಿಯೋಗರೆ ತಿನ್ನುತ್ತಿದ್ದರು. ಹಿರಿಯರೊಬ್ಬರು ಊಟ ಬದಿಗಿಟ್ಟು ಕಂಸಾಳೆಯ ದಾರದ ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡುತ್ತಿದ್ದರು. ಆ ಗಂಟು ಸಡಿಲವಾದರೆ ತಾಳ ಕೈತಪ್ಪಿ ಪಕ್ಕದವನ ಮುಖಕ್ಕೇ ಹೊಡೆಯುತ್ತದೆ ಅಂದರು.

“ಎಷ್ಟು ಹೊತ್ತು ಹಾಡ್ತೀರಿ?” ಅಂತ ಕೇಳಿದೆ.

“ಮಾದಪ್ಪನ ಬೆಟ್ಟದಲ್ಲಾದ್ರೆ ಬೆಳಗಾನ ಸಾ. ಇಲ್ಲಿ ಎಂಟು ನಿಮಿಷ ಅಂದವ್ರೆ.”

ಆ ಎಂಟು ನಿಮಿಷದಲ್ಲಿ ಮಾದಪ್ಪನ ಕಥೆ ಎಲ್ಲಿ ಹಿಡಿಸುತ್ತದೆ ಹೇಳಿ? ಆ ಕಥೆಯ ಒಂದು ಭಾಗವಾದ ಸಂಕಮ್ಮನ ಸಾಲೊಂದನ್ನೇ ರಾತ್ರಿಯೆಲ್ಲ ಹಾಡಬಹುದು. ಕುಣಿತ ಮಾತ್ರ ತೋರಿಸಿ ಇಳಿದರು. ನಿರೂಪಕರು ‘ಈಗ ಕಂಸಾಳೆ ನೃತ್ಯ’ ಅಂದರೇ ಹೊರತು, ತಂಡದ ಹೆಸರಾಗಲಿ ಊರಾಗಲಿ ಹೇಳಲಿಲ್ಲ.

ನನ್ನ ಸಿಟ್ಟು ಇಷ್ಟೇ. 43 ಹೆಸರು ಅಚ್ಚು ಹಾಕಿಸುವ ಕಾಗದದಲ್ಲಿ ಹಾಡುವವರ ಹೆಸರಿಗೆ ಜಾಗ ಇಲ್ಲವಾ? ‘ಸಂಕಮ್ಮನ ಸಾಲು, ರಾತ್ರಿ 9 ರಿಂದ 12, ಹಾಡುವವರು ಇಂಥವರು, ಇಂಥ ಊರು’ ಅಂತ ಒಂದೇ ಒಂದು ಸಾಲು ಹಾಕಿ. ನಾನು ಬ್ರಿಸ್ಟಲ್‌ನಿಂದ ಬರುತ್ತೇನೆ. ಬೆಂಗಳೂರಿನಲ್ಲಿ ಕೂತಿರುವ ನನ್ನಂಥವರು ಎಷ್ಟೋ ಜನ ಬರುತ್ತಾರೆ. ಏನಿದೆ ಅಂತ ಗೊತ್ತಿದ್ದರಲ್ವಾ ಆರಿಸಿಕೊಳ್ಳುವುದು? ಏನೂ ಹೇಳದೆ ಕರೆದು, ಆಮೇಲೆ ‘ಜಾನಪದಕ್ಕೆ ಜನ ಬರಲ್ಲ’ ಅನ್ನುವುದು ತಪ್ಪು.

ಹೆಸರು ಬೇಡದ ಕಲೆ ಇದು, ಊರೊಟ್ಟಿನದು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಮಂಜಮ್ಮ ಜೋಗತಿಯವರಿಗೆ 2021ರಲ್ಲಿ. ಆಗ ಹಾಡಿದವರಿಗೂ ಒಂದು ಹೆಸರಿದೆ ಅಂತ ನಾಡಿಗೆಲ್ಲ ತಿಳಿಯಿತು. ದಿಲ್ಲಿಯಿಂದ ಪ್ರಶಸ್ತಿ ಬರುವ ತನಕ ನಮ್ಮ ಹಾಡುಗಾರರು ‘ವಿವಿಧ ಕಲಾ ತಂಡ’ ಆಗಿಯೇ ಇರಬೇಕಾ?

ಇದನ್ನೆಲ್ಲ ಮಳವಳ್ಳಿ ಕಡೆಯ ನನ್ನ ಸೋದರಮಾವನ ಹತ್ತಿರ ಹೇಳಿಕೊಂಡೆ. ಅವರು ಪೂರ್ತಿ ಕೇಳಿ, “ಹುಣ್ಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೊಯ್ತಾ ಇದೀವಿ, ಬಾ” ಅಂದರು.

“ಅಲ್ಲಿ ಯಾರು ಹಾಡ್ತಾರೆ ಮಾವ?”

“ಯಾರಾದ್ರೂ ಹಾಡ್ತಾರೆ ಕಣಪ್ಪ. ಹಾಡೋರು ಬತ್ತಾರೆ ಅಂತ ನಾವು ಹೋಯ್ತೀವಾ? ನಾವು ಸಿದ್ದಪ್ಪಾಜಿ ಒಕ್ಲು. ಹುಣ್ಮೆ ಬಂತು, ಹೋಯ್ತೀವಿ.”

ಹೋದೆವು. ಜಾತ್ರೆಯ ಚಂದ್ರಮಂಡಲದ ಜ್ಯೋತಿ ಹೊತ್ತಿಸಿದ್ದಾಯಿತು, ಕೈ ಮುಗಿದಿದ್ದಾಯಿತು. ನೂಕುನುಗ್ಗಲಿನಿಂದ ಈಚೆ ಬಂದರೆ ಸಾಲಾಗಿ ನಿಂತಿದ್ದ ಟ್ರ್ಯಾಕ್ಟರುಗಳ ಆಚೆ ಒಂದು ಹುಣಸೆಮರ. ಅದರ ಕೆಳಗೆ ಸಿದ್ದಪ್ಪಾಜಿಯ ಕಥೆ ಹಾಡುವ ಒಬ್ಬ ನೀಲಗಾರರು. ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಹಿಂದೆ ತಾಳದವನೊಬ್ಬ. ಎದುರಿಗೆ ಕಂಬಳಿ ಹೊದ್ದ ಏಳೆಂಟು ಜನ. ನಾವೂ ಕೂತೆವು. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಕೆಲಸದ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೊರಟ ಭಾಗ ನಡೆಯುತ್ತಿತ್ತು. ಪಕ್ಕದಲ್ಲಿದ್ದ ಮಾವ ನನ್ನ ತೊಡೆ ತಟ್ಟಿ ಮೆಲ್ಲಗೆ, “ಹಲಗೂರು ಬಂತು, ಹಲಗೂರು ಬಂತು” ಅಂದರು. ಹಲಗೂರು ಅವರ ಪಾಲಿಗೆ ಕಾವ್ಯದೊಳಗಿನ ಊರಲ್ಲ. ವಾರಕ್ಕೆ ಎರಡು ಸಲ ಗೊಬ್ಬರಕ್ಕೋ ಬೀಜಕ್ಕೋ ಹೋಗಿ ಬರುವ ಊರು. ಕೂತವರೆಲ್ಲ ಒಮ್ಮೆ ಮೈ ನೆಟ್ಟಗೆ ಮಾಡಿದರು. ತಮ್ಮ ರಸ್ತೆಯಲ್ಲೇ ದೇವರು ನಡೆದು ಬರುತ್ತಿದ್ದಾನೇನೋ ಅನ್ನುವ ಹಾಗೆ. ಸಿಡ್ಮತ್‌ನ ಯಾವ ಕೋಣೆಯಲ್ಲೂ ನಾನು ಅಂಥ ಮುಖಗಳನ್ನು ನೋಡಿಲ್ಲ.

ಹಾಗಾಗಿ ಒಂದು ಮಾತು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳೋದಕ್ಕೆ ಸ್ವಲ್ಪ ಕಷ್ಟವೇ ಆಗುತ್ತದೆ. ಇಂಗ್ಲಿಷರಿಗೆ ಆ ಪುಸ್ತಕ ಬೇಕಾಗಿ ಬಂದದ್ದು ಹಾಡು ಕೈತಪ್ಪುತ್ತಿತ್ತು ಅಂತ. 1903ರಲ್ಲಿ ಸೆಸಿಲ್ ಶಾರ್ಪ್ ಅನ್ನುವ ಸಂಗೀತದ ಮೇಷ್ಟ್ರು ಸಾಮರ್ಸೆಟ್‌ನ ಹ್ಯಾಂಬ್ರಿಜ್ ಅನ್ನುವ ಹಳ್ಳಿಯಲ್ಲಿ ತೋಟದ ಕೆಲಸದವನೊಬ್ಬ ಹಾಡಿಕೊಳ್ಳುವುದನ್ನು ಕೇಳಿ ಬರೆದುಕೊಂಡರು. ಅಲ್ಲಿಂದ ಹಳ್ಳಿ ಹಳ್ಳಿ ಅಲೆದು ಸಾವಿರಾರು ಹಾಡು ಕೂಡಿಹಾಕಿದರು. ಹಾಡುವ ಮುದುಕರು ಹೋಗಿಬಿಟ್ಟರೆ ಹಾಡೂ ಹೋಯಿತು ಅನ್ನುವ ಭಯ ಆಗಲೇ ಇತ್ತು. ಸಿಡ್ಮತ್ ಕೂಡ 2004ರಲ್ಲಿ 50ನೇ ಉತ್ಸವ ಮುಗಿಸಿ, ಹಣದ ತಾಪತ್ರಯದಲ್ಲಿ ನಿಂತೇ ಹೋಗುವುದರಲ್ಲಿತ್ತು. ಮಾರನೇ ವರ್ಷ ಊರಿನವರೇ ಸೇರಿ ಸಣ್ಣದಾಗಿ ಮತ್ತೆ ಎಬ್ಬಿಸಿದರು. ಚಿಕ್ಕಲ್ಲೂರನ್ನು ಯಾರೂ ಹಾಗೆ ಎಬ್ಬಿಸಬೇಕಾಗಿಲ್ಲ. ಪಂಚಾಂಗವೇ ಅದರ ಕಾರ್ಯಕ್ರಮ ಪಟ್ಟಿ.

ಆದರೆ ಮಾವನ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿದ್ದಾರೆ. ಹುಣ್ಣಿಮೆ ಯಾವತ್ತು ಅಂತ ಅವರಿಗೆ ತಿಳಿಯದು. ಒಕ್ಕಲಿನ ನಂಟು ಇಲ್ಲದ ಕನ್ನಡದವರು ಎಷ್ಟೋ ಜನ, ಅವರೂ ಕೇಳಬೇಕಲ್ವಾ? ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ರಾಮನಗರದ ಹತ್ತಿರ ಜಾನಪದ ಲೋಕ ಎಬ್ಬಿಸಿ, ಹಾಡುವವರ ದನಿ ಹಿಡಿದಿಟ್ಟದ್ದು ಇಂಥವರಿಗಾಗಿಯೇ. ಆದ್ದರಿಂದ ಜಾತ್ರೆಗೆ ಕಾಗದ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಸ್ಟೇಜ್ ಹಾಕಿ ಮೈಕು ಕಟ್ಟಿದವರು ಮಾತ್ರ ಹೆಸರು ಹಾಕಲೇಬೇಕು.

ಬರುವ ಜನವರಿಗೆ ಗ್ಲಾಸ್ಗೋಗೆ ಹೋಗೋಣ ಅಂತ ಸಿಡ್ಮತ್‌ನ ಆ ಹಿರಿಯರು ಕರೆದಿದ್ದಾರೆ. ಪಟ್ಟಿ ಕಳಿಸಿದ್ದಾರೆ, ಪೆನ್ಸಿಲ್ ಗುರುತೂ ಹಾಕಿದ್ದಾರೆ. ನಾಲ್ಕು ದಿನ ಯೋಚನೆ ಮಾಡಿ, ಕೊನೆಗೆ ಚಿಕ್ಕಲ್ಲೂರು ಜಾತ್ರೆ ನಡೆಯುವ ಬನದ ಹುಣ್ಣಿಮೆ ನೋಡಿಕೊಂಡು ರಜೆ ಬರೆದೆ. ನಿನ್ನೆ ಮಾವನಿಗೆ ಫೋನ್ ಮಾಡಿ ಹುಣಸೆಮರದ ಕೆಳಗೆ ಹಾಡಿದ ತಂಬೂರಿಯವರ ಹೆಸರೇನು, ಯಾವ ಊರು ಅಂತ ಕೇಳಿದೆ. ಇಷ್ಟು ವರ್ಷದಿಂದ ಕೇಳುತ್ತಿದ್ದರೂ ಅವರಿಗೂ ಗೊತ್ತಿಲ್ಲವಂತೆ. ಸಂತೆಯಲ್ಲಿ ಆ ಕಡೆಯವರು ಸಿಗ್ತಾರೆ, ವಿಚಾರಿಸಿ ಹೇಳ್ತೀನಿ ಅಂದಿದ್ದಾರೆ.