ಬಯಲ ಸಂತೆ, ಸೂರಿನ ಸಂತೆ

ಸೂರಿಲ್ಲದ ಕಡೆ ಸೊಪ್ಪು ಬಾಡುತ್ತದೆ. ಸೂರಿನಡಿ ಬಾಡಿದ ಸೊಪ್ಪೂ ಚೆನ್ನಾಗಿ ಕಾಣುತ್ತದೆ. ನಗರದ ರೈತ ಸಂತೆಗೆ ಹೋಗುವವರ ಫಜೀತಿ ಇದೇ.

ಬಯಲಲ್ಲಿ ಹಗಲ ಬೆಳಕಿಗೆ ಯಾರ ಮುಲಾಜೂ ಇಲ್ಲ. ಎಲೆಯಂಚಿನ ಹಳದಿ, ಬದನೆಯ ಮೈಮೇಲಿನ ಹುಳುಕಿನ ತೂತು, ಎಲ್ಲ ಬಯಲಾಗುತ್ತದೆ. ಆದರೆ ತಲೆಯ ಮೇಲಿನ ಟಾರ್ಪಾಲಿನ ಬಣ್ಣ ನೋಡಿಕೊಳ್ಳಬೇಕು. ಕೆಂಪು ಟಾರ್ಪಾಲಿನ ಕೆಳಗೆ ಅರೆಗಾಯಿ ಟೊಮೆಟೊ ಕೂಡ ಮದುಮಗಳಂತೆ ಕೆಂಪೇರಿ ಕೂತಿರುತ್ತದೆ. ಒಂದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಚಾಚಿದರೆ ನಿಜ ಬಣ್ಣ ತಿಳಿಯುತ್ತದೆ.

ಕಿತ್ತ ಸೊಪ್ಪು ಎಲೆಯ ರಂಧ್ರಗಳಿಂದ ನೀರು ಬಿಡುತ್ತಲೇ ಇರುತ್ತದೆ, ಕೊಡಲು ಬೇರು ಮಾತ್ರ ಇರುವುದಿಲ್ಲ. ಹಾಗಾಗಿ ಬಯಲಲ್ಲಿ ಸೊಪ್ಪು ಕೊಳ್ಳುವುದು ಸಂತೆ ತೆರೆದ ಮೊದಲ ಗಂಟೆಯಲ್ಲಿ. ಮೇಲೆ ಚಿಮುಕಿಸಿದ ನೀರಿಗೆ ಮರುಳಾಗದೆ ಕಟ್ಟಿನ ನಡುವೆ ಬೆರಳು ತೂರಿಸಿ. ಒಳಗೆ ಬೆಚ್ಚಗಿದ್ದು ಲೋಳೆ ಹತ್ತಿದರೆ ಕೊಳೆ ಶುರುವಾಗಿದೆ. ಕೊಯ್ದ ತುದಿ ಕಂದಾಗಿ ಒಣಗಿದ್ದರೆ ಅದು ಇಂದಿನದಲ್ಲ. “ಫ್ರೆಶ್ಶಾ?” ಎಂದು ಕೇಳುವುದು ದಂಡ, ಇಲ್ಲ ಎಂದವರನ್ನು ಕಂಡವರುಂಟೇ? “ಯಾವಾಗ ಕಿತ್ತದ್ದು?” ಎನ್ನಿ.

ಸೂರಿನ ಸಂತೆಯಲ್ಲಿ ಬಿಸಿಲು, ಗಾಳಿಯ ಕಾಟವಿಲ್ಲ. ತಡವಾಗಿ ಹೋದರೂ ನಡೆಯುತ್ತದೆ. ಅಲ್ಲಿ ತಕರಾರು ದೀಪದ್ದು. ಹಳದಿ ಬಲ್ಬಿನಡಿ ಹಣ್ಣು ಹೊಳೆಯುತ್ತದೆ, ಎಲೆಯ ಹಳದಿ ಅಡಗುತ್ತದೆ. ಆಲೂಗೆಡ್ಡೆ ದಿನಗಟ್ಟಲೆ ದೀಪದಡಿ ಬಿದ್ದರೆ ಸಿಪ್ಪೆ ಹಸಿರಾಗುತ್ತದೆ. ಆ ಹಸಿರು ನಿರುಪದ್ರವಿಯೇ, ಆದರೆ ಅದೇ ಬೆಳಕು ಸೊಲನಿನ್ ಎಂಬ ಕಹಿ ವಿಷವನ್ನೂ ಹೆಚ್ಚಿಸುತ್ತದೆ. ರಾಶಿಯ ಮೇಲಿನದನ್ನು ಬಿಟ್ಟು ಚೀಲದೊಳಗಿನದನ್ನು ಕೇಳಿ. ಮಾಗಿದ ಹಣ್ಣಿನ ಪಕ್ಕದಲ್ಲೇ ಸೌತೆಕಾಯಿ, ಸೊಪ್ಪು ಇಟ್ಟಿದ್ದರೂ ಯೋಚಿಸಿ: ಹಣ್ಣು ಬಿಡುವ ಎಥಿಲೀನ್ ಎಂಬ ಅನಿಲ ಮುಚ್ಚಿದ ಜಾಗದಲ್ಲಿ ನಿಂತು ಅವನ್ನು ಬೇಗ ಹಳದಿಯಾಗಿಸುತ್ತದೆ.

ಮೊದಲ ಸುತ್ತು ಬರಿಗೈಯಲ್ಲೇ ಆಗಲಿ. ತೊಡಕಿರುವುದು ಎರಡನೆಯದರಲ್ಲಿ: ಸೊಪ್ಪನ್ನು ಮೊದಲು ಕೊಳ್ಳಬೇಕು, ಆದರೆ ಚೀಲದಲ್ಲಿ ಅದು ಎಲ್ಲಕ್ಕಿಂತ ಮೇಲಿರಬೇಕು. ಎರಡು ಚೀಲವಿಲ್ಲದೆ ಇದು ಬಗೆಹರಿಯದು. ಗಡ್ಡೆ, ಕುಂಬಳ ಒಂದರಲ್ಲಿ. ಸೊಪ್ಪು, ಟೊಮೆಟೊ ಇನ್ನೊಂದರಲ್ಲಿ.

ಬೆಂಡೆಯ ತುದಿ ಮುರಿದು ನೋಡುವುದು ಸರಿಯಾದ ಪರೀಕ್ಷೆಯೇ, ಆದರೆ ಮುರಿದದ್ದನ್ನು ನೀವೇ ಕೊಳ್ಳಿ. ಜೋಳದ ತೆನೆಯ ಸಿಪ್ಪೆ ಸುಲಿಯುವ ಚಾಳಿಯಂತೂ ಬೇಡ. ಸುಲಿದ ತೆನೆಯ ಕಾಳು ಬೇಗ ಒಣಗುತ್ತದೆ. ಸಿಪ್ಪೆಯ ಮೇಲಿಂದಲೇ ಹೆಬ್ಬೆರಳಿನಲ್ಲಿ ಒತ್ತಿದರೆ ಕಾಳು ತುಂಬಿದೆಯೋ ಜಳ್ಳೋ ಗೊತ್ತಾಗುತ್ತದೆ. ಕಿತ್ತ ಗಳಿಗೆಯಿಂದ ಸಿಹಿಜೋಳದ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಅದನ್ನು ಅಂದೇ ಬೇಯಿಸಿ.

ಮನೆಗೆ ಬಂದೊಡನೆ ಮೂಲಂಗಿ, ಕ್ಯಾರೆಟ್ಟಿನ ಎಲೆ ಕತ್ತರಿಸಿ. ಬಿಟ್ಟರೆ ಎಲೆ ಗಡ್ಡೆಯ ನೀರನ್ನೇ ಹೀರುತ್ತದೆ. ಟೊಮೆಟೊ ಮಾಗುವವರೆಗೆ ಫ್ರಿಜ್ಜಿನ ಹೊರಗಿರಲಿ. ಸೊಪ್ಪು ದಾರಿಯಲ್ಲಿ ಬಾಡಿದ್ದರೆ ದಂಟಿನ ತುದಿ ಅರ್ಧ ಅಂಗುಲ ಕೊಯ್ದು ಅರ್ಧ ಗಂಟೆ ತಣ್ಣೀರಿನಲ್ಲಿ ನಿಲ್ಲಿಸಿ, ಎದ್ದು ಕೂರುತ್ತದೆ. ಹಳದಿ ಎಲೆಗಳನ್ನು ಮೊದಲೇ ಆರಿಸಿ ತೆಗೆಯಿರಿ, ಅವು ನೀರಿಗೂ ಏಳುವುದಿಲ್ಲ.